ಮೂಳೆ ಕೂಡಿದರೆ ಸಾಲದು

ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಲಾರಿ ತಗುಲಿ ಕಾಲು ಮುರಿದ ಕೂಲಿಕಾರ ಎಷ್ಟೋ ಸಲ ನೇರವಾಗಿ ಹೋಗುವುದು ಮೂಳೆ ಕಟ್ಟುವ ನಾಟಿ ವೈದ್ಯರ ಬಳಿಗೆ. ಖರ್ಚು ಕಡಿಮೆ, ನಂಬಿಕೆ ಹಳೆಯದು. ಮೂಳೆ ಕೂಡಬಹುದು, ಪರಿಹಾರ ಮಾತ್ರ ಕೈಜಾರುತ್ತದೆ. ವಿಮಾ ಕಂಪನಿಯ ವಕೀಲರು ನ್ಯಾಯಮಂಡಳಿಯಲ್ಲಿ ಕೇಳುವುದು ನೋವನ್ನಲ್ಲ, ಕಾಗದವನ್ನು: ಪೊಲೀಸ್ ದೂರು, ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ರಸೀದಿ.

ನಾಟಿ ವೈದ್ಯರನ್ನು ನಾವು ಹೀಗಳೆಯುವುದಿಲ್ಲ. ಆದರೆ ಅಪಘಾತದ ಗಾಯಾಳುವನ್ನು ಅವರೂ ಮೊದಲು ಸರ್ಕಾರಿ ಆಸ್ಪತ್ರೆಗೆ ಕಳುಹಿಸಲಿ. ಅರ್ಜಿಗೆ 6 ತಿಂಗಳ ಗಡುವು 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಕಾಲು ವಾಸಿಯಾಗಲೆಂದು ಕಾದು ಕೂತರೆ ಅಷ್ಟು ಕಾಲ ಕಳೆದೇ ಹೋಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 166ನೆಯ ಕಲಮಿನಂತೆ, ಪೊಲೀಸರು ಕಳುಹಿಸುವ ಅಪಘಾತ ವರದಿಯನ್ನೇ ಮಂಡಳಿ ಅರ್ಜಿಯೆಂದು ಪರಿಗಣಿಸಬೇಕು. ವರದಿ ಹೋಯಿತೇ ಎಂದು ಠಾಣೆಯಲ್ಲಿ ಕೇಳಿರಿ. ವಕೀಲರಿಗೆ ಹಣವಿಲ್ಲದ ಬಡವರು ಚಾಮರಾಜನಗರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿರಿ.

ಪ್ರತಿ ಲಾರಿಗೂ ವಿಮೆ ಕಡ್ಡಾಯವಾಗಿರುವುದು ದಾರಿಯಲ್ಲಿ ಬಿದ್ದವನಿಗಾಗಿ. ಪರಿಹಾರ ಭಿಕ್ಷೆಯಲ್ಲ, ಹಕ್ಕು. ಮಿಲ್ಲಿನ ಸಂಘಗಳೂ ವರ್ತಕರ ಸಂಘಗಳೂ ಗಾಯಾಳುವಿನ ಜೊತೆಗೆ ಆಸ್ಪತ್ರೆಗೂ ಠಾಣೆಗೂ ಒಬ್ಬ ತಿಳಿದವನನ್ನು ಕಳುಹಿಸುವ ಏರ್ಪಾಡು ಮಾಡಲಿ. ಒಂಟಿ ಮನುಷ್ಯನಿಗೆ ಕಂಪನಿ ಅಂಜುವುದಿಲ್ಲ.