ಇಟ್ಟಿಗೆಯ ಮೇಲೆ ಜೀಪು

ನಮ್ಮ ಸಂಘದ ತರುಣ ಸದಸ್ಯರಲ್ಲಿ ಈಚೆಗೆ ಹೊಸ ಹವ್ಯಾಸವೊಂದು ಬೆಳೆದಿರುವುದು ಓದುಗರ ಗಮನಕ್ಕೆ ಬಂದಿರಬಹುದು. ಶನಿವಾರ ಹಳೆಯ ಜೀಪನ್ನೋ ಜಿಪ್ಸಿಯನ್ನೋ ಹೊರಡಿಸಿಕೊಂಡು ಸಹ್ಯಾದ್ರಿಯ ಕಲ್ಲುಕೆಸರಿನ ದಾರಿಗಳಲ್ಲಿ ಅಲೆಯುವುದು. ಭಾನುವಾರ ಹಿಂದಿರುಗಿ, ಮುರಿದ ಕಮಾನು ಪಟ್ಟಿಯನ್ನೂ ಸವೆದ ಬುಷ್ಷುಗಳನ್ನೂ ಮನೆಯಂಗಳದಲ್ಲಿ ತಾವೇ ಬಿಚ್ಚಿ ಕಟ್ಟುವುದು. ಒಳ್ಳೆಯದೇ. ಕೈಗೆ ಗ್ರೀಸು ಹತ್ತಿದರೆ ಕುಲ ಕೆಟ್ಟೀತೆಂದು ತಿಳಿದಿದ್ದ ಮನೆಗಳ ಮಕ್ಕಳು ಸ್ಪ್ಯಾನರು ಹಿಡಿದದ್ದು ಸಂತೋಷದ ಸಂಗತಿ. ನಮಗೆ ಜಗಳವಿರುವುದು ಇಟ್ಟಿಗೆಯ ಮೇಲೆ.

ಗಾಡಿಯ ಜೊತೆ ಬಂದ ಜಾಕಿನಿಂದ ಒಂದು ಮಗ್ಗುಲನ್ನು ಎತ್ತಿ, ಪಕ್ಕದಲ್ಲಿ ನಾಲ್ಕು ಇಟ್ಟಿಗೆ ಪೇರಿಸಿ, ನಮ್ಮ ಹುಡುಗರು ಅದರ ಕೆಳಗೆ ಮಲಗಿಬಿಡುತ್ತಾರೆ. ಕೇಳಿದರೆ ಉತ್ತರ ಸಿದ್ಧ: "ಏನೂ ಆಗೋಲ್ಲ ಬಿಡಿ ಸಾರ್, ಹೈವೇ ಮೇಲಿನ ಮಿಸ್ತ್ರಿ ಮೂವತ್ತು ವರ್ಷದಿಂದ ಹೀಗೇ ಮಾಡ್ತಿದಾನೆ." ಮೂವತ್ತು ವರ್ಷ ಮಾಡಿ ಉಳಿದವನು ನಮಗೆ ಮಾತಿಗೆ ಸಿಗುತ್ತಾನೆ, ನಿಜ. ಮೂರನೆಯ ವರ್ಷವೇ ಗಾಡಿಯಡಿ ಸಿಕ್ಕಿಕೊಂಡವನು ಸಾಕ್ಷಿ ಹೇಳಲು ಬರುವುದಿಲ್ಲ. ಇಷ್ಟು ಸಣ್ಣ ಲೆಕ್ಕ ಇಂಜಿನಿಯರಿಂಗ್ ಓದಿದ ಹುಡುಗರಿಗೆ ಹೊಳೆಯದಿರುವುದು ಸೋಜಿಗ.

ದಂಡೆಯ ಮೇಲೆ ನಿಂತು ಉಪದೇಶ ಮಾಡುವ ಯೋಗ್ಯತೆ ನಮಗಿಲ್ಲ. 2016ರ ದೀಪಾವಳಿಯ ರಜೆಯಲ್ಲಿ ನಮ್ಮ ಭಾವಮೈದ ತನ್ನ ಹಳೆಯ ವಿಲ್ಲೀಸ್ ಮಾದರಿಯ ಜೀಪಿನ ಹಿಂದಿನ ಎಡ ಪಟ್ಟಿಯನ್ನು ಬದಲಿಸಲು ಕುಳಿತಾಗ ಇಟ್ಟಿಗೆ ಹೊತ್ತು ತಂದವರು ನಾವೇ. ಗಾಡಿಯನ್ನು ಗೇರಿನಲ್ಲಿ ಹಾಕಿದ್ದೆವು, ಹ್ಯಾಂಡ್ ಬ್ರೇಕ್ ಎಳೆದಿದ್ದೆವು. ಹಿಂದಿನ ಒಂದು ಚಕ್ರ ಮಾತ್ರ ನೆಲ ಬಿಟ್ಟಿತ್ತು. ಮಳೆನೀರು ಹರಿದುಹೋಗಲೆಂದು ಅಂಗಳಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿದ್ದರು. ಅವನು ಶ್ಯಾಕಲ್ಲಿನ ಬೋಲ್ಟನ್ನು ಬಡಿಯುತ್ತಿದ್ದಂತೆ ಜೀಪು ಸದ್ದಿಲ್ಲದೆ ಒಂದು ಗೇಣು ಮುಂದೆ ಸರಿಯಿತು. ಜಾಕು ಓರೆಯಾಗಿ ಬಿತ್ತು, ಇಟ್ಟಿಗೆಗಳು ಹುಡಿಯಾದವು. ಅವನ ತಲೆ ಹೊರಗಿತ್ತು, ಎಡಗೈ ಒಳಗಿತ್ತು. ಎರಡು ಬೆರಳು ಹೋದವು. ಸಂಘದ ಗಣೇಶೋತ್ಸವದಲ್ಲಿ ತಬಲಾ ನುಡಿಸುತ್ತಿದ್ದವನು ಅವನೇ. ಈಗ ಪ್ರೇಕ್ಷಕರ ಸಾಲಿನಲ್ಲಿ ಕೂರುತ್ತಾನೆ. ಬ್ರೇಕು ಎಳೆದು ಗೇರಿನಲ್ಲಿಟ್ಟ ಗಾಡಿ ಸರಿದದ್ದಾದರೂ ಹೇಗೆ? ಆಸ್ಪತ್ರೆಯ ಬೆಂಚಿನ ಮೇಲೆ ಇಡೀ ರಾತ್ರಿ ನಮ್ಮನ್ನು ಕೊರೆದದ್ದು ಈ ಪ್ರಶ್ನೆಯೇ.

ಉತ್ತರವಿರುವುದು ಡಿಫರೆನ್ಷಿಯಲ್‌ನಲ್ಲಿ. ಆ ಹಳೆಯ ಜೀಪುಗಳ ಹ್ಯಾಂಡ್ ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಗೇರು ಹಿಡಿಯುವುದೂ ಅದೇ ಶಾಫ್ಟನ್ನು. ಹಿಂದಿನ ಎರಡು ಚಕ್ರಗಳೂ ನೆಲದ ಮೇಲಿರುವ ತನಕ ಇಷ್ಟು ಸಾಕು. ಒಂದು ಚಕ್ರ ಗಾಳಿಗೆ ಎದ್ದಿತೋ, ಶಾಫ್ಟು ಕಲ್ಲಿನಂತೆ ನಿಂತಿದ್ದರೂ ನೆಲದ ಚಕ್ರ ಮುಂದಕ್ಕೆ, ಗಾಳಿಯ ಚಕ್ರ ಹಿಂದಕ್ಕೆ ಆರಾಮವಾಗಿ ಉರುಳುತ್ತವೆ. ಫೋರ್ ವೀಲ್ ಹಾಕದಿದ್ದರೆ ಮುಂದಿನ ಚಕ್ರಗಳಿಗಂತೂ ಯಾವ ಕಟ್ಟೂ ಇಲ್ಲ. ಬ್ರೇಕೂ ಗೇರೂ ಇದ್ದೂ ಇಲ್ಲದಂತಾಯಿತು. ಚಕ್ರಗಳನ್ನೇ ಹಿಡಿಯುವ ಹ್ಯಾಂಡ್ ಬ್ರೇಕಿರುವ ಗಾಡಿಯವರು ನಿಶ್ಚಿಂತರಾಗಬೇಕಿಲ್ಲ. ಅದು ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು, ಹಿಂಭಾಗವನ್ನು ಪೂರ್ತಿ ಎತ್ತಿದರೆ ಅವರದೂ ಅದೇ ಕಥೆ. ಆ ದಿನ ಜೀಪನ್ನು ತಡೆಯಬಹುದಾಗಿದ್ದುದು ನೆಲದಲ್ಲಿದ್ದ ಚಕ್ರಗಳ ಹಿಂದೆ ಮುಂದೆ ಇಡುವ ಮರದ ಬೆಣೆ. ಬಡಗಿಯ ಅಂಗಡಿಯಲ್ಲಿ ಕಸಕ್ಕೆ ಹೋಗುವ ತುಂಡು!

ಇನ್ನು ಜಾಕಿನ ವಿಚಾರ. ಬಿ.ಎಸ್ಸಿ.ಯಲ್ಲಿ ಓದಿ ಮರೆತ ಪಾಸ್ಕಲನ ನಿಯಮವನ್ನು ನಾವು ಆಮೇಲೆ ಧೂಳು ಕೊಡವಿ ತೆಗೆದೆವು. ಹೈಡ್ರಾಲಿಕ್ ಜಾಕಿನ ಪಿಸ್ಟನ್ನು 3 ಸೆಂಟಿಮೀಟರ್ ವ್ಯಾಸದ್ದು ಎಂದಿಟ್ಟುಕೊಳ್ಳಿ. ಅದರ ಮೇಲ್ಮೈ ಸುಮಾರು 7 ಚದರ ಸೆಂಟಿಮೀಟರ್. ಗಾಡಿಯ ಒಂದು ಭಾಗದ 500 ಕಿಲೋ ಅದರ ಮೇಲೆ ಕೂತರೆ ಒಳಗಿನ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 70 ಕಿಲೋ ಆಯಿತು. ಕಾರಿನ ಟೈರಿನಲ್ಲಿರುವುದು ಸುಮಾರು 2 ಕಿಲೋ. ಈ ಒತ್ತಡವನ್ನು ತಡೆದಿರುವುದು ಉಂಗುರದಂಥ ಒಂದು ಸೀಲು ಮತ್ತು ಒಂದು ಪುಟ್ಟ ಕವಾಟ. ಅದರ ಮೇಲೆ ನಂಬಿಕೆಯಿಟ್ಟು ಎದೆಯನ್ನು ಕೆಳಗೆ ತೂರಿಸುವುದು ಯಾವ ಧೈರ್ಯ? ಜೊತೆಗೆ ಬರುವ ಸ್ಕ್ರೂ ಜಾಕು ಸೋರುವುದಿಲ್ಲವಾದರೂ ಅದರ ಪಾದ ಅಂಗೈಯಗಲ. ಪಕ್ಕಕ್ಕೆ ತಳ್ಳಿದರೆ ಮಗುಚುತ್ತದೆ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಹೋಗಬೇಡಿ ಎಂದು ಗಾಡಿಗಳ ಕೈಪಿಡಿಗಳೇ ಹೇಳುತ್ತವೆ. ಕೈಪಿಡಿ ಓದುವವರು ಯಾರು?

ಇಟ್ಟಿಗೆ ಹೊರುತ್ತದಲ್ಲ, ಅದರ ಮೇಲೆ ಮನೆಯೇ ನಿಂತಿದೆಯಲ್ಲ ಎನ್ನುವವರಿದ್ದಾರೆ. ಗೋಡೆಯಲ್ಲಿ ಭಾರ ಇಟ್ಟಿಗೆಯ ಮೈತುಂಬ ಹರಡಿರುತ್ತದೆ. ಗಾಡಿಯ ಕೆಳಗೆ ಒಂದು ಉಕ್ಕಿನ ಅಂಚು ಒಂದೇ ಕಡೆ ಒತ್ತುತ್ತದೆ. ಇಟ್ಟಿಗೆಯಾಗಲಿ ಸಿಮೆಂಟಿನ ಟೊಳ್ಳು ಬ್ಲಾಕಾಗಲಿ ಸೀಳುವಾಗ ಮುನ್ಸೂಚನೆ ಕೊಡುವುದಿಲ್ಲ. ದಪ್ಪ ಮರದ ದಿಮ್ಮಿ ಹಾಗಲ್ಲ. ನಲುಗುತ್ತದೆ, ಕಿರುಗುಟ್ಟುತ್ತದೆ, ಓಡಿಹೋಗು ಎನ್ನುತ್ತದೆ. ಎಲ್ಲಕ್ಕಿಂತ ಮೇಲು ಜಾಕ್ ಸ್ಟ್ಯಾಂಡು. ನಾಲ್ಕು ಕಾಲು ಅಗಲಿಸಿ ನಿಂತ ಉಕ್ಕು, ಹಲ್ಲಿಗೆ ಹಲ್ಲು ಕಚ್ಚಿಕೊಂಡದ್ದು. ಅದರಲ್ಲಿ ಸೋರುವ ಎಣ್ಣೆಯೇ ಇಲ್ಲ.

ಕಾಡುದಾರಿಯ ಗಾಡಿಗೆ ಇನ್ನೊಂದು ತೊಡಕಿದೆ. ಛಾಸಿಗೆ ಜಾಕು ಕೊಟ್ಟರೆ ಪಟ್ಟಿಗಳು ಪೂರ್ತಿ ಇಳಿಬೀಳುವ ತನಕ ಚಕ್ರ ನೆಲ ಬಿಡದು. ಜಾಕಿನ ಎತ್ತರ ಮುಗಿಯುತ್ತದೆ, ಆಗ ಕೆಳಗೊಂದು ಇಟ್ಟಿಗೆ ಮೇಲೊಂದು ಹಲಗೆ ಎಂದು ಗೋಪುರ ಕಟ್ಟುವ ದುರ್ಬುದ್ಧಿ ಹುಟ್ಟುತ್ತದೆ. ಆಕ್ಸಲಿಗೇ ಜಾಕು ಕೊಟ್ಟರೆ ಮೇಲಿನ ಛಾಸಿಯೂ ಜೊತೆಗೇ ಏರುತ್ತದೆ. ಎರಡೂ ಮಗ್ಗುಲನ್ನು ಹೀಗೆ ಏರಿಸಿ, ಪಟ್ಟಿಯ ಮುಂದಿನ ಹ್ಯಾಂಗರಿನ ಬಳಿ ಛಾಸಿಯ ಎರಡು ಪಟ್ಟಿಗಂಬಗಳಿಗೂ ಸ್ಟ್ಯಾಂಡು ಕೊಟ್ಟು, ನಿಧಾನವಾಗಿ ಜಾಕನ್ನು ಇಳಿಸಬೇಕು. ಭಾರ ಸ್ಟ್ಯಾಂಡಿನ ಮೇಲೆ ಕೂತಿತು. ಯೂ ಬೋಲ್ಟುಗಳನ್ನು ಬಿಚ್ಚುವ ಮೊದಲು ಜಾಕನ್ನು ಮತ್ತೆ ಆಕ್ಸಲಿಗೆ ತಾಗುವಂತೆ ಇಡಬೇಕು, ಇಲ್ಲವಾದರೆ ಬಿಚ್ಚಿದ ಕೂಡಲೇ ಆಕ್ಸಲು ಹೊರಳಿ ಬ್ರೇಕಿನ ರಬ್ಬರು ಪೈಪಿಗೆ ಜೋತುಬೀಳುತ್ತದೆ. ಸುರುಳಿ ಸ್ಪ್ರಿಂಗಿನ ಗಾಡಿಗಳಲ್ಲಿ ಆಕ್ಸಲು ಅತಿಯಾಗಿ ಇಳಿಯದಂತೆ ಹಿಡಿದಿರುವುದು ಹಲವು ವೇಳೆ ಶಾಕ್ ಅಬ್ಸಾರ್ಬರೇ. ಆಸರೆಯಿಲ್ಲದೆ ಅದನ್ನು ಕಳಚಿದರೆ ಸುರುಳಿ ಎದ್ದು ಹಾರುತ್ತದೆ. ಅಂಗಳದ ಜೋಡುಕಲ್ಲುಗಳ ಮೇಲೂ ಬೇಸಿಗೆಯಲ್ಲಿ ಮೆತ್ತಗಾಗುವ ಡಾಂಬರಿನ ಮೇಲೂ ಸ್ಟ್ಯಾಂಡಿನ ಕಾಲು ಹೂಳದಂತೆ ದಪ್ಪ ಪ್ಲೈವುಡ್ ಬೇಕು. ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸದೆ ಛಾಸಿಯ ಕೆಳಗೆ ಮಲಗಿಸಿಡಿ. ಆಮೇಲೆ ಸೊಂಟ ಕೊಟ್ಟು ಗಾಡಿಯನ್ನು ಬಲವಾಗಿ ದೂಡಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಇದಕ್ಕೆ ಖರ್ಚೆಷ್ಟು? ಗಾಡಿಯನ್ನು ಎರಡು ಇಂಚು ಎತ್ತರಿಸುವ ಕಿಟ್ಟಿಗೆ ಹಿಂದೆಮುಂದೆ ನೋಡದೆ ಹಣ ಸುರಿಯುವವರು ಒಂದು ಜೊತೆ ಸ್ಟ್ಯಾಂಡಿನ ಬೆಲೆ ಕೇಳಿ ಹುಬ್ಬೇರಿಸುತ್ತಾರೆ. (ಹೀಗೆ ಎತ್ತರಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಏನೆನ್ನುತ್ತದೆಂಬುದು ಬೇರೆಯೇ ಪುರಾಣ.) ಬಾನೆಟ್ಟಿನ ಮೇಲೆ ಕೆಂಪು ಬಣ್ಣದ ಉದ್ದ ಫಾರ್ಮ್ ಜಾಕು ಬಿಗಿದು ಮೆರೆಯುವವರಿಗೂ ಒಂದು ಮಾತು. ಅದು ಕೆಸರಿನಿಂದ ಗಾಡಿ ಎತ್ತಲು ಒಳ್ಳೆಯ ಸಾಧನ, ಆದರೆ ಒಂಟಿಕಾಲಿನದು. ಅದರ ಮೇಲೆ ಗಾಡಿ ನಿಲ್ಲಿಸಿ ಕೆಲಸಕ್ಕಿಳಿಯುವುದು ಹುಚ್ಚುತನ.

ಇದನ್ನೆಲ್ಲ ಕೇಳಿ ಕೆಲವು ವಸತಿ ಸಂಕೀರ್ಣಗಳ ಹಿರಿಯರು ಅಂಗಳದಲ್ಲಿ ರಿಪೇರಿಯನ್ನೇ ನಿಷೇಧಿಸಿ ಫಲಕ ಹಾಕಿಸಿದ್ದಾರೆ. ಇದಕ್ಕೂ ನಮ್ಮ ಒಪ್ಪಿಗೆಯಿಲ್ಲ. ಫಲಕ ಕಂಡ ಹುಡುಗರು ಕೆಲಸ ನಿಲ್ಲಿಸುವುದಿಲ್ಲ. ಗಾಡಿಯನ್ನು ಹಿಂದಿನ ಗಲ್ಲಿಯ ಇಳಿಜಾರಿಗೆ ಒಯ್ಯುತ್ತಾರೆ, ಅಲ್ಲಿ ಕೂಗಿದರೆ ಕೇಳುವವರೂ ಇಲ್ಲ.

ನಮ್ಮ ಸಂಘದಲ್ಲಿ ಮದುವೆ ಮುಂಜಿಗೆ ಪಾತ್ರೆ ಸಿಗುತ್ತದೆ, ಜಮಖಾನೆ ಸಿಗುತ್ತದೆ, ಹಾರ್ಮೋನಿಯಂ ಸಹ ಸಿಗುತ್ತದೆ. ನಾಲ್ಕು ಸ್ಟ್ಯಾಂಡು, ನಾಲ್ಕು ಬೆಣೆ ಕೊಂಡು ಅದೇ ಉಗ್ರಾಣದಲ್ಲಿಟ್ಟು ಎರವಲು ಕೊಡಬಾರದೇಕೆ ಎಂದು ಕಳೆದ ಸಭೆಯಲ್ಲಿ ಕೇಳಿದೆವು. ಇದು ಸಾಂಸ್ಕೃತಿಕ ವಿಷಯವಲ್ಲವೆಂಬ ಉತ್ತರ ಬಂತು. ಭಾವಮೈದ ನಮ್ಮ ಪಕ್ಕದಲ್ಲೇ ಕೂತಿದ್ದ, ಮಾತಾಡಲಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇವೆ. ಮೊದಲ ಜೊತೆ ಸ್ಟ್ಯಾಂಡುಗಳ ಹಣ ನಮ್ಮದು. ಉಗ್ರಾಣದ ಬೀಗದ ಕೈ ಭಾನುವಾರವೂ ಸಿಗುವಂತಾದರೆ ಸಾಕು.