ದೋಣಿ ದಡದಲ್ಲಿರುವಾಗ



ಚೆನ್ನೈಯಲ್ಲಿ (ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಮದರಾಸೇ) ನೆಲಸಿದ ನಾವು ಕಾಸಿಮೇಡನ್ನು ಬಲ್ಲುದು ಭಾನುವಾರದ ಮೀನಿನಿಂದ. ಮೀನು ತಿನ್ನದವರಿಗೆ ಅದೂ ಇಲ್ಲ. ರಾಯಪುರಂ ಬಳಿಯ ಆ ಬಂದರಿನ ಮಕ್ಕಳ ವಿಷಯ ಈ ಸಲ ಎರಡು ಮಾತು.

ಮೀನಿನ ಸಂತತಿ ಬೆಳೆಯಲೆಂದು ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೊದಲು ಇದು 45 ದಿನವಿತ್ತು. ನಿಯಮವೇನೋ ಒಳ್ಳೆಯದೇ. ಆದರೆ ದೋಣಿಯಾಳಿಗೆ ತಿಂಗಳ ಸಂಬಳವೆಲ್ಲಿದೆ? ಹಿಡಿದ ಮೀನಿನಲ್ಲಿ ಪಾಲು. ದೋಣಿ ನಿಂತರೆ ಪಾಲೂ ನಿಂತಿತು. ಸರ್ಕಾರದ ಪರಿಹಾರಧನ ಉಂಟು, ಅದು ಅಡುಗೆಮನೆಗೇ ಸರಿ. ಶಾಲೆ ತೆರೆಯುವುದೂ ಜೂನಿನಲ್ಲೇ!

ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಉಚಿತ. 2022ರಲ್ಲಿ ಚಿಕ್ಕ ತರಗತಿಗಳಿಗೆ ಬೆಳಗಿನ ತಿಂಡಿಯೂ ಆರಂಭವಾಯಿತು. ಸಂತೋಷ. ಹತ್ತನೆಯದು ಮುಗಿಸಿ ಪಾಲಿಟೆಕ್ನಿಕ್ ಸೇರಹೊರಟ ಹುಡುಗನ ಶುಲ್ಕ? ಆ ವಾರ ಹಣ ಹೊಂದದಿದ್ದರೆ, ಜೂನ್ 15ರಂದು ಅವನೂ ತಂದೆಯ ಹಿಂದೆ ದೋಣಿ ಹತ್ತಿದರೆ ಆಶ್ಚರ್ಯವೇನು?

ನಾವಾದರೋ ದಾನ ಮಾಡುವುದು ದೀಪಾವಳಿಗೆ, ಇಲ್ಲವೆ ರಾಜ್ಯೋತ್ಸವಕ್ಕೆ, ಫೋಟೋ ಸಹಿತ. ಒಂದು ನವೆಂಬರಿನಲ್ಲಿ ಪುಸ್ತಕದ ಚೀಲ ಹಂಚಲು ಹೋದವರಲ್ಲಿ ನಾವೂ ಇದ್ದೆವು. “ಮೇ ತಿಂಗಳಲ್ಲಿ ಬಂದಿದ್ದರೆ, ಅಣ್ಣಾ” ಎಂದರು ಒಬ್ಬ ತಾಯಿ. ಅವರ ತಮಿಳು ನಮಗೆ ಚೆನ್ನಾಗಿಯೇ ಅರ್ಥವಾಯಿತು.

ಆದುದರಿಂದ ಕೊಡುವ ಮನಸ್ಸುಳ್ಳವರು ಈ ವರ್ಷ ನವೆಂಬರಿಗೆ ಕಾಯದೆ, ಬೇಸಿಗೆ ರಜೆಗೆ ಊರಿಗೆ ಹೊರಡುವ ಮೊದಲೇ ಸಂಘಕ್ಕೆ ತಲುಪಿಸಿ. ಮೇ ತಿಂಗಳಲ್ಲಿ ಫೋಟೋ ತೆಗೆಯಲು ಯಾರೂ ಊರಲ್ಲಿರುವುದಿಲ್ಲ. ಪರವಾಗಿಲ್ಲ.