ಸಂಪಂಗಿಯ ಹೆಸರಿನಲ್ಲಿ

ಚಿಕ್ಕವನಿದ್ದಾಗ, ಗೆದ್ದವರಿಗೆ ಸಂತೋಷವಾಗುತ್ತದಲ್ಲ, ಅದಕ್ಕೇ ಅದಕ್ಕೆ ಸಂತೋಷ್ ಟ್ರೋಫಿ ಎಂದು ಹೆಸರು ಎಂದುಕೊಂಡಿದ್ದೆ. ‘ಹಾಗಾದರೆ ಸೋತವರಿಗೆ ದುಃಖ ಟ್ರೋಫಿ ಕೊಡುತ್ತಾರಾ ಚಿಕ್ಕಪ್ಪ?’ ಎಂದು ಕೇಳಿ ತಲೆಗೆ ಮೊಟಕಿಸಿಕೊಂಡದ್ದೂ ನೆನಪಿದೆ. ಸಂತೋಷ್ ಎಂಬುದು ಒಂದು ಊರು, ಅದು ಈಗಿನ ಬಾಂಗ್ಲಾದೇಶದ ಟಾಂಗೈಲ್ ಜಿಲ್ಲೆಯಲ್ಲಿದೆ, ಅಲ್ಲಿಯ ಜಮೀನ್ದಾರ ಮಹಾರಾಜ ಸರ್ ಮನ್ಮಥನಾಥ ರಾಯ್ ಚೌಧುರಿ ಬಂಗಾಳದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದರು, ಅವರು ತೀರಿಕೊಂಡ ಮೇಲೆ ಅವರ ನೆನಪಿಗೆ ಈ ಟ್ರೋಫಿ ಬಂತು ಎಂಬುದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. 1941ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಬಂಗಾಳ ದೆಹಲಿಯನ್ನು 5–1ರಿಂದ ಸೋಲಿಸಿತು.

ಸೋತವರಿಗೂ ಒಂದು ಬಟ್ಟಲು ಇತ್ತು. ಎರಡನೆಯ ಸ್ಥಾನಕ್ಕೆ ಕಮಲಾ ಗುಪ್ತ ಟ್ರೋಫಿ. ಮೂರನೆಯ ಸ್ಥಾನಕ್ಕೆ ಸಂಪಂಗಿ ಕಪ್. ಈ ಮೂರನೆಯದನ್ನು ಕೊಟ್ಟದ್ದು ನಮ್ಮ ಮೈಸೂರು ಫುಟ್‌ಬಾಲ್ ಸಂಸ್ಥೆ, ಸಂಪಂಗಿ ಎಂಬ ನಮ್ಮವನೇ ಆದ ಆಟಗಾರನ ನೆನಪಿಗೆ. ಮೊದಲ ಬಟ್ಟಲಿಗೆ ಮಹಾರಾಜನ ಊರಿನ ಹೆಸರು, ಎರಡನೆಯದಕ್ಕೆ ಬಂಗಾಳದ ಸಂಸ್ಥೆಯ ಅಧ್ಯಕ್ಷರೊಬ್ಬರ ಮಡದಿಯ ಹೆಸರು. ಆಡಿದವನ ಹೆಸರು ಇರುವುದು ಮೂರನೆಯದಕ್ಕೆ ಮಾತ್ರ. ಬೆಂಗಳೂರಿನಲ್ಲಿ ಸಂಪಂಗಿ ಎಂದರೆ ಜನ ಹೂವನ್ನು ನೆನೆಯುತ್ತಾರೆ, ಇಲ್ಲವೆ ಕ್ರೀಡಾಂಗಣವಾಗಿ ಹೋದ ಕೆರೆಯನ್ನು. ಆಟಗಾರನನ್ನು ನೆನೆಯುವವರು ನನಗಂತೂ ಸಿಕ್ಕಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಈಚೆಗೆ ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಗೃಹಸ್ಥರೊಬ್ಬರು ಮಾತಿಗೆ ಮಾತು ಬಂದು, ‘ಅಲ್ಲ ಸಾರ್, ಆ ಸಂತೋಷ್ ಟ್ರೋಫಿ ಇನ್ನೂ ನಡೀತಾ ಇದೆಯಾ? ಒಳ್ಳೇ ಆಟಗಾರರು ಯಾರೂ ಆಡಲ್ಲ, ನೋಡೋರು ಇಲ್ಲ. ಮುಚ್ಚಿಬಿಡೋದು ವಾಸಿ’ ಎಂದರು. ಇವರು ಇಂಗ್ಲೆಂಡಿನ ಪಂದ್ಯ ನೋಡಲು ನಡುರಾತ್ರಿ ಎದ್ದು ಕೂರುವವರು. ಆಗ ಪಾಯಸ ಬಡಿಸುತ್ತಿದ್ದರು, ನಾನು ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಆ ಸುಮ್ಮನಿದ್ದದ್ದು ಹೊಟ್ಟೆಯಲ್ಲಿ ಕರಗಲಿಲ್ಲ. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನನ್ನ ಚಿಕ್ಕಪ್ಪ ಎಸ್ಸೆಸ್ಸೆಲ್ಸಿ ಪಾಸಾಗಲಿಲ್ಲ. ಆದರೆ ಎಡಗಾಲಲ್ಲಿ ಚೆಂಡನ್ನು ಎಲ್ಲಿ ಬೇಕೋ ಅಲ್ಲಿಗೆ ಕಳಿಸಬಲ್ಲವನಾಗಿದ್ದ. ಆ ಎಡಗಾಲನ್ನು ನೋಡಿ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯವರು ಕರೆದು ಕೆಲಸ ಕೊಟ್ಟರು. ಅವನ ಕೈಗೆ ಸ್ಪ್ಯಾನರ್ ಬಂದದ್ದು ಕಾಲಿಗೆ ಬೂಟು ಬಂದ ಮೇಲೆ. ಬೆಳಿಗ್ಗೆ ಅಭ್ಯಾಸ, ಆಮೇಲೆ ಫಿಟ್ಟರ್ ಕೆಲಸ, ಸಂಜೆ ಲೀಗ್ ಪಂದ್ಯ. ರಾಜ್ಯ ತಂಡಕ್ಕೆ ಅವನು ಆಡಲೇ ಇಲ್ಲ, ಒಮ್ಮೆ ಶಿಬಿರದ ತನಕ ಹೋಗಿ ವಾಪಸ್ ಬಂದ. ಆದರೂ ಆ ಕೆಲಸದಿಂದ ಕ್ವಾರ್ಟರ್ಸ್ ಬಂತು, ಪ್ರಾವಿಡೆಂಟ್ ಫಂಡ್ ಬಂತು, ಇಬ್ಬರು ಅತ್ತೆಯರ ಮದುವೆಯಾಯಿತು, ನನ್ನ ಕಾಲೇಜು ಫೀಸು ಬಂತು. ನಾನು ಈ ನಾಲ್ಕಕ್ಷರ ಬರೆಯುತ್ತಿರುವುದು ಒಬ್ಬ ಲೆಫ್ಟ್ ಬ್ಯಾಕಿನ ಎಡಗಾಲಿನ ಋಣ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳು, ಸೇನೆಯ ಎಂ.ಇ.ಜಿ., ರೈಲ್ವೆ, ಪೊಲೀಸ್ ಇಲಾಖೆ, ಎಲ್ಲವಕ್ಕೂ ತಂಡಗಳಿದ್ದವು. ಗಲ್ಲಿಯ ಹುಡುಗ ಸಣ್ಣ ಕ್ಲಬ್ಬಿಗೆ, ಅಲ್ಲಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ರಾಜ್ಯ ತಂಡಕ್ಕೆ ಹತ್ತುತ್ತಿದ್ದ. ಆ ಏಣಿಯ ತುದಿಯ ಮೆಟ್ಟಿಲೇ ಸಂತೋಷ್ ಟ್ರೋಫಿ. ತುದಿ ಮುಟ್ಟದವನಿಗೂ ನಡುವಿನ ಮೆಟ್ಟಿಲಲ್ಲಿ ಅನ್ನ ಸಿಗುತ್ತಿತ್ತು. ಗೃಹಸ್ಥರು ನೋಡುವುದು ತುದಿಯ ಮೆಟ್ಟಿಲನ್ನು ಮಾತ್ರ.

ಆ ಏಣಿ ಏನೇನು ಕೊಟ್ಟಿತು? 1946ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದಿತು. 1952ರಲ್ಲಿ ಮತ್ತೆ. 1967–68ರಲ್ಲಿ ಕಟಕ್‌ನಲ್ಲಿ, 1968–69ರಲ್ಲಿ ಬೆಂಗಳೂರಿನಲ್ಲಿ. ನಾಲ್ಕು ಸಲವೂ ಫೈನಲ್ಲಿನಲ್ಲಿ ಸೋತದ್ದು ಬಂಗಾಳ. ಈ ಟ್ರೋಫಿಯನ್ನು ಮೂವತ್ತಕ್ಕೂ ಹೆಚ್ಚು ಸಲ ಎತ್ತಿದ ಬಂಗಾಳ! 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲಿ ಆಡಿ ಫ್ರಾನ್ಸಿಗೆ 1–2ರಲ್ಲಿ ಸೋತ ಭಾರತದ ಆ ಒಂದು ಗೋಲು ನಮ್ಮ ಸಾರಂಗಪಾಣಿ ರಾಮನ್ ಅವರದು. ಅಹ್ಮದ್ ಖಾನ್, ಧನರಾಜ್ ಇಲ್ಲಿಂದ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿಯ ಮುಂಚೂಣಿಯ ಐವರನ್ನು ಕಲ್ಕತ್ತೆಯ ಜನ ಪಂಚಪಾಂಡವರೆಂದರು, ಅವರಲ್ಲಿ ಇಬ್ಬರು ಇವರೇ. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು.

ಈ ಹೆಸರುಗಳನ್ನು ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ನಾವು ಇವರನ್ನು ಮರೆತದ್ದು ಯಾಕೆಂದು ಹೊಳೆಯುತ್ತದೆ. ಪೇಟೆ ಕಡೆಯ ನಮಗೆ ಫುಟ್‌ಬಾಲ್ ಎಂದರೆ ದಂಡಿನ ಆಟ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ಗಳ ತಮಿಳು, ಉರ್ದು ಮಾತಾಡುವವರ ಆಟ. ಗೌತಮಪುರದ ಜನ ತಮ್ಮ ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ ಎಂದರೆ ನಾವು ನಕ್ಕು ಸುಮ್ಮನಾಗುತ್ತೇವೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ, ಅಲ್ಲಿಯವರೆಗೆ ಯಾವ ಭಾರತೀಯ ತಂಡಕ್ಕೂ ದಕ್ಕದ ರೋವರ್ಸ್ ಕಪ್ಪನ್ನು ಗೆದ್ದು ತಂದದ್ದು ನಮ್ಮ ಯಾವ ಶಾಲೆಯಲ್ಲೂ ನಾನು ಕೇಳಲಿಲ್ಲ. ನಾಡಿನ ಹೆಸರು ಹೊತ್ತು ಗೆದ್ದವನ ಮನೆಮಾತು ಯಾವುದೆಂದು ವಿಚಾರಿಸುವ ನಮ್ಮ ಚಾಳಿಯೂ ಈ ಟ್ರೋಫಿಯ ಕತ್ತು ಹಿಸುಕಿದ ಕೈಗಳಲ್ಲಿ ಒಂದು. ಮೊದಲು ಅದನ್ನು ಒಪ್ಪಿಕೊಂಡು ಮುಂದೆ ಹೋಗೋಣ.

ಗೃಹಸ್ಥರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಇಂಗ್ಲೆಂಡಿನವರೇ ತಮ್ಮ ಹವ್ಯಾಸಿ ಕಪ್ಪನ್ನು ಮುಚ್ಚಲಿಲ್ಲವೆ ಎಂದು ಅವರು ಕೇಳಬಹುದು. ಹೌದು, ಮುಚ್ಚಿದರು. 1893ರಲ್ಲಿ ಶುರುವಾದ ಎಫ್.ಎ. ಅಮೆಚೂರ್ ಕಪ್ 1974ರಲ್ಲಿ ನಿಂತಿತು. 1951ರಲ್ಲಿ ಅದರ ಫೈನಲ್ ನೋಡಲು ವೆಂಬ್ಲಿಯಲ್ಲಿ ಒಂದು ಲಕ್ಷ ಜನ ಸೇರಿದ್ದರು. ಕೊನೆಯ ಫೈನಲ್ಲಿನಲ್ಲಿ ಸೋತದ್ದು ಇಲ್‌ಫರ್ಡ್ ಎಂಬ ಊರಿನ ತಂಡ. ರಾಮನ್ ಫ್ರಾನ್ಸಿನ ಮೇಲೆ ಗೋಲು ಹೊಡೆದದ್ದೂ ಅದೇ ಊರಿನಲ್ಲಿ. ಮುಚ್ಚಿದ್ದೇಕೆ? ಹವ್ಯಾಸಿ ಎಂದು ಹೇಳಿಕೊಂಡು ಮೇಜಿನ ಕೆಳಗೆ ಲಕೋಟೆಯಲ್ಲಿ ಹಣ ತೆಗೆದುಕೊಳ್ಳುವುದು ಅಲ್ಲಿ ಮಾಮೂಲಾಗಿತ್ತು. ಆ ಸುಳ್ಳು ಸಾಕೆಂದು ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನೇ ಅಳಿಸಿದರು. ಆದರೆ ಅಳಿಸಿದ ಮೇಲೆ ಸಣ್ಣ ಕ್ಲಬ್ಬುಗಳನ್ನು ಬೀದಿಗೆ ಬಿಡಲಿಲ್ಲ, ಅವಕ್ಕೆಂದೇ ಎಫ್.ಎ. ವಾಸ್ ಎಂಬ ಹೊಸ ಪಂದ್ಯಾವಳಿ ಮಾಡಿದರು. ಅದರ ಫೈನಲ್ಲೂ ವೆಂಬ್ಲಿಯಲ್ಲೇ.

ನಮ್ಮ ಹವ್ಯಾಸಿಯ ವಿಷಯವೇ ಬೇರೆ. ಅವನಿಗೂ ಆಟಕ್ಕೆ ಪ್ರತಿಫಲ ಬರುತ್ತಿತ್ತು, ಒಪ್ಪುತ್ತೇನೆ. ಆದರೆ ಅದು ಮೇಜಿನ ಕೆಳಗಿನ ಲಕೋಟೆಯಲ್ಲ, ಮೇಜಿನ ಮೇಲಿನ ನೇಮಕಾತಿ ಪತ್ರ. ಮೂವತ್ತು ವರ್ಷಕ್ಕೆ ಕಾಲು ಸೋತರೂ ಐವತ್ತೆಂಟರವರೆಗೆ ಸಂಬಳ. ಬಡವರ ಮಕ್ಕಳು ಆಟವಾಡಲಿ ಎಂದು ಬಯಸುವ ಬಡ ದೇಶ ಇದಕ್ಕಿಂತ ಪ್ರಾಮಾಣಿಕವಾದ ವ್ಯವಸ್ಥೆಯನ್ನು ಹೇಗೆ ಮಾಡಬೇಕಿತ್ತು?

ಆ ವ್ಯವಸ್ಥೆ ತಾನಾಗಿ ಸಾಯಲಿಲ್ಲ. ಕಾರ್ಖಾನೆಗಳು ಸೊರಗಿದವು, ನೇಮಕಾತಿ ನಿಂತಿತು, ತಂಡಗಳು ಒಂದೊಂದಾಗಿ ಕರಗಿದವು. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, 2014ರಲ್ಲಿ ದುಡ್ಡಿನ ಹೊಸ ಲೀಗ್ ಬಂತು. ಬರಲಿ, ಬೇಡವೆಂದವರಾರು? ಒಳ್ಳೆಯ ಆಟಗಾರನಿಗೆ ಒಳ್ಳೆಯ ಹಣ ಸಿಗಬೇಕು. ಆದರೆ ಆ ಲೀಗುಗಳಿಗೆ ಬೇಕಾದದ್ದು ಕೆಲವೇ ನೂರು ಕಾಲುಗಳು. ಉಳಿದ ಕಾಲುಗಳಿಗೆ ಸಂತೋಷ್ ಟ್ರೋಫಿಯೇ ಗತಿ. ಅಲ್ಲಿ ತಾರೆಗಳಿಲ್ಲ ಎಂದು ಅದನ್ನು ಮುಚ್ಚಿ ಎನ್ನುವುದು, ಸರ್ಕಾರಿ ಶಾಲೆಗೆ ಸಾಹುಕಾರರ ಮಕ್ಕಳು ಬರುವುದಿಲ್ಲ, ಆದ್ದರಿಂದ ಶಾಲೆ ಮುಚ್ಚಿ ಎಂದಂತೆ.

ಇನ್ನು ನೋಡುವವರಿಲ್ಲ ಎಂಬ ಮಾತು. 2022ರ ಮೇ 2ರಂದು ಕೇರಳದ ಮಂಜೇರಿಯಲ್ಲಿ ಕೇರಳ ಮತ್ತು ಬಂಗಾಳ ಫೈನಲ್ ಆಡಿದವು. ಕ್ರೀಡಾಂಗಣದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಪೆನಾಲ್ಟಿಯಲ್ಲಿ ಕೇರಳ ಗೆದ್ದಿತು. ಇದೇ ಟ್ರೋಫಿ, ಇದೇ ತಾರೆಗಳಿಲ್ಲದ ತಂಡಗಳು. ಮರುವರ್ಷ ನಮ್ಮ ಹಿರಿಯರು ಏನು ಮಾಡಿದರು? ಸೆಮಿಫೈನಲ್ ಮತ್ತು ಫೈನಲ್‌ಗಳನ್ನು ಸೌದಿ ಅರೇಬಿಯಾದ ರಿಯಾದಿಗೆ ಒಯ್ದರು. 2023ರ ಮಾರ್ಚ್ 4ರಂದು ಅಲ್ಲಿಯ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಐವತ್ನಾಲ್ಕು ವರ್ಷಗಳ ಮೇಲೆ ಬಂದ ಟ್ರೋಫಿ, ಕರ್ನಾಟಕ ಎಂಬ ಹೆಸರಿನಲ್ಲಿ ಮೊಟ್ಟಮೊದಲನೆಯದು. ನಾನು ಅದನ್ನು ನೋಡಿದ್ದು ಅಂಗೈಯಗಲದ ಮೊಬೈಲಿನಲ್ಲಿ. ಕ್ಯಾಮೆರಾ ತಿರುಗಿದಾಗಲೆಲ್ಲ ಸಾಲುಸಾಲು ಖಾಲಿ ಕುರ್ಚಿ.

ಆಟಗಾರರಿಗೆ ಅಂತರರಾಷ್ಟ್ರೀಯ ಮಟ್ಟದ ಮೈದಾನದ ಅನುಭವವಾಗಲಿ ಎಂಬುದು ಇದಕ್ಕೆ ಕೊಟ್ಟ ಸಮರ್ಥನೆ. ಆ ಹುಡುಗರು ವಿಮಾನ ಹತ್ತಿದ್ದಕ್ಕೆ ನನಗೆ ಹೊಟ್ಟೆಯುರಿಯಿಲ್ಲ, ನೂರು ಸಲ ಹತ್ತಲಿ. ನನ್ನ ಪ್ರಶ್ನೆ ಇಷ್ಟೆ: ಐವತ್ನಾಲ್ಕು ವರ್ಷ ಕಾದದ್ದು ಯಾರು? ಗೌತಮಪುರದ ಮುದುಕರು, ಆಸ್ಟಿನ್ ಟೌನಿನ ಮೈದಾನದ ಕಟ್ಟೆಯ ಮೇಲೆ ಕೂರುವ ನಿವೃತ್ತ ಫಿಟ್ಟರುಗಳು. ಶಿಲ್ಲಾಂಗಿನಲ್ಲೂ ಅಂಥವರಿದ್ದಾರೆ. ಅವರೆಲ್ಲ ಪಾಸ್‌ಪೋರ್ಟ್ ಮಾಡಿಸಿಕೊಳ್ಳಬೇಕಿತ್ತೆ? ಜನರಿಲ್ಲದ ಕಡೆಗೆ ಆಟವನ್ನು ಒಯ್ದು, ಆಮೇಲೆ ಜನರೇ ಬರುವುದಿಲ್ಲ ಎಂದರೆ ಏನನ್ನಬೇಕು?

1968–69ರ ಆ ಬೆಂಗಳೂರಿನ ಫೈನಲ್ಲಿಗೆ ಚಿಕ್ಕಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದ. ಆ ದಿನ ಗೋಲೇ ಆಗಲಿಲ್ಲ, 0–0. ಮರುಪಂದ್ಯದಲ್ಲಿ ಮೈಸೂರು 1–0ಯಿಂದ ಗೆದ್ದಿತು. ಅದಕ್ಕೆ ನನ್ನನ್ನು ಕರೆದುಕೊಂಡು ಹೋಗಲಿಲ್ಲ, ಮಗ್ಗಿ ಬರಲಿಲ್ಲ ಎಂದು ಅಪ್ಪ ಮನೆಯಲ್ಲೇ ಕೂಡಿಹಾಕಿದ್ದ. ರಾತ್ರಿ ಚಿಕ್ಕಪ್ಪ ಗಂಟಲು ಕಟ್ಟಿಕೊಂಡು ಬಂದು, ‘ಮುಂದಿನ ವರ್ಷ ನೋಡುವಿಯಂತೆ ಬಿಡೋ’ ಎಂದ. ಮುಂದಿನ ವರ್ಷ ಬಂದದ್ದು ರಿಯಾದಿನಲ್ಲಿ. ಅಷ್ಟರಲ್ಲಿ ಚಿಕ್ಕಪ್ಪ ಇರಲಿಲ್ಲ.

ನನ್ನ ತಂಗಿಯ ಮಗನಿಗೂ ಅದೇ ಎಡಗಾಲು ಬಂದಿದೆ. ಹತ್ತೊಂಬತ್ತಕ್ಕೆ ರಾಜ್ಯ ತಂಡದ ಆಯ್ಕೆ ಶಿಬಿರದವರೆಗೂ ಹೋದ. ಒಂದು ಕಾರ್ಖಾನೆಯವರು ಕ್ರೀಡಾ ಕೋಟಾದಲ್ಲಿ ಕರೆಯುತ್ತೇವೆ ಎಂದು ಎರಡು ವರ್ಷ ಕಾಯಿಸಿ, ಕೊನೆಗೆ ನೇಮಕಾತಿ ಇಲ್ಲ ಎಂದು ಒಂದು ಸಾಲಿನ ಪತ್ರ ಕಳಿಸಿದರು. ಈಗ ಅವನು ಸ್ಕೂಟರಿನಲ್ಲಿ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುತ್ತಾನೆ. ಭಾನುವಾರ ಹತ್ತು ಜನ ಸೇರಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡುತ್ತಾರೆ. ‘ಚಿಕ್ಕ ತಾತನಿಗೆ ಆಡಿದ್ದಕ್ಕೆ ಸಂಬಳ ಕೊಡುತ್ತಿದ್ದರಲ್ಲ ಮಾವ, ಈಗ ನಾವೇ ಆಡೋದಕ್ಕೆ ಬಾಡಿಗೆ ಕೊಡಬೇಕು’ ಎಂದು ಮೊನ್ನೆ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಬಂಗಾಳ ಕೇರಳವನ್ನು ಸೋಲಿಸಿ ತನ್ನ 33ನೆಯ ಸಂತೋಷ್ ಟ್ರೋಫಿ ಗೆದ್ದಿತು. ಕೆಲವೇ ದಿನಗಳಲ್ಲಿ ಅಲ್ಲಿಯ ಸರ್ಕಾರ ಗೆದ್ದ ಆಟಗಾರರಿಗೆ ಸರ್ಕಾರಿ ಕೆಲಸ ಘೋಷಿಸಿತು. ಅಂದರೆ ಏಣಿ ಮತ್ತೆ ನಿಲ್ಲಿಸುವುದು ಅಸಾಧ್ಯವಲ್ಲ, ಮನಸ್ಸಿರಬೇಕು. ನಾನು ಕೇಳುವುದು ಇನ್ನೂ ಕಡಿಮೆ. ಟ್ರೋಫಿ ಗೆದ್ದವರಿಗಷ್ಟೇ ಅಲ್ಲ, ರಾಜ್ಯ ತಂಡದ ಬನಿಯನ್ ತೊಟ್ಟ ಪ್ರತಿಯೊಬ್ಬನಿಗೂ ಇಲಾಖೆಗಳಲ್ಲಿ ಒಂದು ಜಾಗ ತೆರೆದಿರಲಿ. ಪಂದ್ಯಾವಳಿಗೆ ವರ್ಷವರ್ಷವೂ ಬದಲಾಗದ ತಿಂಗಳು ಗೊತ್ತಾಗಲಿ. ಫೈನಲ್ ಈ ದೇಶದಲ್ಲೇ, ಬಸ್ಸಿನಲ್ಲಿ ಹೋಗಿ ಬರಬಹುದಾದ ಊರಿನಲ್ಲಿ ನಡೆಯಲಿ. ಮತ್ತು ನಾವು, ದಂಡಿನ ಆಟ ಎಂದು ದೂರ ನಿಂತವರು, ಟಿಕೆಟ್ ತೆಗೆದುಕೊಂಡು ಒಳಗೆ ಹೋಗೋಣ.

ಮದುವೆ ಮನೆಯ ಗೃಹಸ್ಥರು ಇದನ್ನು ಓದಿದರೆ ಅವರಿಗೊಂದು ಮಾತು. ನಡುರಾತ್ರಿ ನೀವು ನೋಡುವ ಆ ದೇಶದವರು ತಮ್ಮ ಸಣ್ಣ ಊರುಗಳ ಆಟಗಾರರಿಗೆ ವೆಂಬ್ಲಿಯ ಬಾಗಿಲನ್ನು ತೆರೆದೇ ಇಟ್ಟಿದ್ದಾರೆ. ನಮ್ಮ ಹಿರಿಯರೂ ಮಹಾರಾಜನ ಹೆಸರಿನ ಬಟ್ಟಲಿನ ಪಕ್ಕದಲ್ಲಿ ಒಬ್ಬ ಆಟಗಾರನ ಹೆಸರಿನ ಬಟ್ಟಲನ್ನು ಇಟ್ಟವರು. ಮುಚ್ಚಬೇಕೆನ್ನುವ ಮುಂಚೆ, ಆ ಸಂಪಂಗಿ ಯಾರೆಂದು ಒಂದು ಸಲವಾದರೂ ವಿಚಾರಿಸಿ.